ಸುಡದ ಇಟ್ಟಿಗೆಯ ಲೆಕ್ಕಾಚಾರ

ಪರಿಸರಸ್ನೇಹಿ ವಸ್ತುವೆಂದರೆ ದುಬಾರಿ ವಸ್ತುವೆಂಬ ನಂಬಿಕೆಯನ್ನು ಒರೆಗೆ ಹಚ್ಚಲು ಸ್ಥಿರೀಕೃತ ಮಣ್ಣಿನ ಇಟ್ಟಿಗೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಸ್ಥಿರೀಕರಣವೆಂದರೆ ಮಣ್ಣು ನೀರಿಗೆ ಕರಗದಂತೆ ಅದಕ್ಕೆ ಒಂದಿಷ್ಟು ಸಿಮೆಂಟನ್ನೋ ಸುಣ್ಣವನ್ನೋ ಬೆರೆಸುವುದು. ಹಾಗೆ ಬೆರೆಸಿ ಅಚ್ಚಿನಲ್ಲಿ ಒತ್ತಿ ತೆಗೆದ ಇಟ್ಟಿಗೆಗೆ ಗೂಡಿನ ಬೆಂಕಿ ಬೇಕಿಲ್ಲ, ಮೂರು ನಾಲ್ಕು ವಾರ ನೀರುಣಿಸಿದರೆ ಸಾಕು. 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ರೂಪುಗೊಂಡ ಸಿನ್ವಾ-ರಾಮ್ ಎಂಬ ಕೈಯಂತ್ರದಿಂದ ಹೆಸರಾದ ಈ ವಿಧಾನವನ್ನು ನಮ್ಮ ಮಣ್ಣಿಗೆ ಒಗ್ಗಿಸಿದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದ ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು.

ಇಲ್ಲಿ ಮೆಚ್ಚಬೇಕಾದದ್ದು ಯಂತ್ರಕ್ಕಿಂತ ಮಿಶ್ರಣದ ವಿನ್ಯಾಸವನ್ನು. ಖರ್ಚೂ ಇಂಗಾಲದ ಹೊರೆಯೂ ಬಹುಪಾಲು ಸಿಮೆಂಟಿನ ಚೀಲದಲ್ಲೇ ಇರುವುದರಿಂದ ಅದನ್ನು ಎಷ್ಟು ಕಡಿಮೆ ಬಳಸಿದರೆ ಎರಡೂ ಅಷ್ಟು ಇಳಿಯುತ್ತವೆ. ಆದರೆ ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿ ಹೆಚ್ಚಿದ್ದಲ್ಲಿ ಸಿಮೆಂಟಿನ ಹಿಡಿತ ಸಾಲದು. ಆದ್ದರಿಂದ ಕೆಂಪು ಮಣ್ಣಿಗೆ ಮರಳನ್ನೋ ಕಲ್ಲುಕ್ವಾರಿಯ ಪುಡಿಯನ್ನೋ ಬೆರೆಸಿ ಜೇಡಿಯ ಅಂಶವನ್ನು ನೂರಕ್ಕೆ ಸುಮಾರು 15ಕ್ಕೆ ಇಳಿಸಿದರೆ, ನೂರಕ್ಕೆ 6ರಿಂದ 8 ಪಾಲು ಸಿಮೆಂಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಎರೆಮಣ್ಣಿನ ಸೀಮೆಯಲ್ಲಿ ಈ ಲೆಕ್ಕ ನಡೆಯದು, ಅಲ್ಲಿ ಸುಣ್ಣದ ನೆರವು ಬೇಕು. ಮೊದಲ ಅಂದಾಜಿಗೆ ಪ್ರಯೋಗಾಲಯವೂ ಬೇಕಿಲ್ಲ: ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಮಣ್ಣಿಗೆ ನೀರು ತುಂಬಿ ಕುಲುಕಿ ಇಟ್ಟರೆ ಮರಳು ಕ್ಷಣಾರ್ಧದಲ್ಲಿ ತಳ ಸೇರುತ್ತದೆ, ಅದರ ಮೇಲೆ ನುಣ್ಣನೆಯ ಹೂಳು ಕೂರುತ್ತದೆ, ಜೇಡಿ ಮಾತ್ರ ಗಂಟೆಗಟ್ಟಲೆ ನೀರನ್ನು ಕದಡಿಯೇ ಇಡುತ್ತದೆ. ಅಡಿಪಾಯಕ್ಕೋ ಸಂಪಿಗೋ ಅಗೆದ ಮಣ್ಣು, ಮೇಲ್ಮಣ್ಣನ್ನು ತೆಗೆದುಹಾಕಿದ ಮೇಲೆ, ಈ ಪರೀಕ್ಷೆಯಲ್ಲಿ ಗೆದ್ದರೆ ಲಾರಿ ಬಾಡಿಗೆಯೂ ಉಳಿಯುತ್ತದೆ.

230×190×100 ಮಿಲಿಮೀಟರ್ ಅಳತೆಯ ಇಂಥ ಒಂದು ಇಟ್ಟಿಗೆ ಎರಡಕ್ಕೂ ಹೆಚ್ಚು ಸುಟ್ಟ ಇಟ್ಟಿಗೆಗಳ ಜಾಗ ತುಂಬುವುದರಿಂದ ಸಂದುಗಳೂ ಸಂದಿಗೆ ತುಂಬುವ ಗಾರೆಯೂ ಕಡಿಮೆಯಾಗುತ್ತವೆ. ಅದರ ನಯವಾದ ಮೈಗೆ ಗಿಲಾವಿನ ಅಗತ್ಯವಿಲ್ಲದಿದ್ದರೂ, ಮಣ್ಣಿನ ಗೋಡೆ ಕಂಡರೆ ಬಡತನ ಕಂಡೀತೆಂಬ ಸಂಕೋಚದಿಂದ ಒಳಗೂ ಹೊರಗೂ ಸಿಮೆಂಟ್ ಬಳಿಸುವವರಿದ್ದಾರೆ. ಉಳಿಸಿದ ಚೀಲಗಳನ್ನು ಹೀಗೆ ಗೋಡೆಗೆ ಮೆತ್ತುವುದು ವಿನ್ಯಾಸಕ್ಕೆ ಬಗೆಯುವ ದ್ರೋಹವೇ ಸರಿ. ಕೈಯಂತ್ರ ಬಹಳ ಆಳುಗಳನ್ನು ಬೇಡುತ್ತದೆಯಾದ್ದರಿಂದ ಕೂಲಿ ಏರಿದ ಊರುಗಳಲ್ಲಿ ಉಳಿತಾಯ ಕರಗುವುದೂ ನಿಜ. ಗಿಲಾವಿಲ್ಲದ ಗೋಡೆಗೆ ಮಳೆಯ ಎರಚಲು ಬಡಿಯದಂತೆ ಸೂರನ್ನು ಮುಂದೆ ಚಾಚಿ, ಬುಡಕ್ಕೆ ಕಲ್ಲಿನ ಪಟ್ಟಿ ಕೊಡುವ ಖರ್ಚನ್ನೂ ಇಟ್ಟಿಗೆಯ ಬೆಲೆಗೇ ಸೇರಿಸಿ ನೋಡಬೇಕು.