ಯಂತ್ರದ ಮೊದಲ ಬಣ್ಣಕ್ಕೆ ಸಾಕ್ಷಿ ಎಲ್ಲಿದೆ?

ಗಾಲಿಯ ಬದಲು ಉಕ್ಕಿನ ಪಟ್ಟಿಯ ಮೇಲೆ ನಡೆಯುವ ಹಳೆಯ ಚೈನ್ ಟ್ರ್ಯಾಕ್ಟರನ್ನು ಉಳಿಸಿಕೊಳ್ಳಲು ಹೊರಟವರು ಬಹಳ ಸಲ ಮೊದಲು ಮಾಡಿಸುವ ಕೆಲಸವೇ ಸ್ಯಾಂಡ್ ಬ್ಲಾಸ್ಟಿಂಗ್. ತುಕ್ಕು, ಗ್ರೀಸು, ಯಾರ್ಯಾರೋ ಬಳಿದ ಬಣ್ಣ ಎಲ್ಲ ಉದುರಿ ಬರಿ ಕಬ್ಬಿಣ ಕಾಣುತ್ತದೆ. ಯಾವ ಬಣ್ಣ ಹೊಡೆಯಬೇಕೆಂಬ ಯೋಚನೆ ಬರುವುದು ಆಮೇಲೆ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಕಣ್ಣಿಗೆ ಹಿತವಾದ ಒಂದು ಹಳದಿಯನ್ನು ಆರಿಸಿ ಮುಗಿಸುತ್ತಾರೆ. ಇದು ತಲೆಕೆಳಗಾದ ಕ್ರಮ. ಮೊದಲ ಬಣ್ಣಕ್ಕೆ ನಂಬಬಹುದಾದ ಸಾಕ್ಷಿ ಆ ಯಂತ್ರದ ಮೈಮೇಲೆಯೇ ಇರುತ್ತದೆ. ಅದನ್ನು ಓದಿ ಮುಗಿಸುವ ತನಕ ಬ್ಲಾಸ್ಟಿಂಗ್ ಮಾಡಿಸಕೂಡದು.

ಕಂಪನಿ ಯಾವುದೆಂದು ಗೊತ್ತಿದ್ದರೆ ಬಣ್ಣವೂ ಗೊತ್ತಾದಂತೆ ಎನ್ನುವವರಿದ್ದಾರೆ. ಕ್ಯಾಟರ್‌ಪಿಲ್ಲರ್ ಎಂದರೆ ಹಳದಿ ಎಂದೇ ನಮ್ಮ ನಂಬಿಕೆ. ಆದರೆ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಕೂಡಿ 1925ರಲ್ಲಿ ಕ್ಯಾಟರ್‌ಪಿಲ್ಲರ್ ಹುಟ್ಟಿದಾಗ ಅದರ ಟ್ರ್ಯಾಕ್ಟರುಗಳದು ಬೂದು ಬಣ್ಣ, ಅಲ್ಲಲ್ಲಿ ಕೆಂಪಿನ ಅಲಂಕಾರ. ‘ಹೈವೇ ಯೆಲ್ಲೋ’ ಬಂದದ್ದು 1931ರ ಕೊನೆಗೆ. 1979ರಲ್ಲಿ ಆ ಹಳದಿಯೂ ಬದಲಾಯಿತು. ಭಾರತದಲ್ಲಿ ತೊಡಕು ಇನ್ನೂ ಹೆಚ್ಚು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಬಿಟ್ಟುಹೋದ ಟ್ರ್ಯಾಕ್ಟರುಗಳನ್ನು ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಬೀಳುಭೂಮಿ ಹಸನು ಮಾಡಲು ಇಳಿಸಿತು. 1949ರಲ್ಲಿ ಅದೇ ಕೆಲಸದ ಹೊಸ ಯಂತ್ರಗಳಿಗಾಗಿ ವಿಶ್ವಬ್ಯಾಂಕ್ 1 ಕೋಟಿ ಡಾಲರ್ ಸಾಲ ಕೊಟ್ಟಿತು. ಸೇನೆಯಿಂದ ಬಂದ ಯಂತ್ರದ ಹಳದಿಯ ಅಡಿಯಲ್ಲಿ ಮಂಕು ಹಸಿರು ಸಿಕ್ಕರೆ ಅಚ್ಚರಿಯೇನೂ ಇಲ್ಲ. ನಮ್ಮ ರಾಜ್ಯದಲ್ಲೇ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಜಪಾನಿನ ಕೊಮಾಟ್ಸು ಸಹಯೋಗದಲ್ಲಿ ಡೋಜರ್ ತಯಾರಿಸಿತು. ಆ ಡೋಜರಿಗೆ ಅಮೆರಿಕದ ಕ್ಯಾಟಲಾಗು ನೋಡಿ ಬಣ್ಣ ಹಚ್ಚುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಹುಡುಕುವುದೆಲ್ಲಿ? ಬಿಸಿಲು, ಮಳೆ, ಮತ್ತೊಬ್ಬರ ಬ್ರಷ್ಷು ಮುಟ್ಟದ ಕಡೆ. ಸೀಟಿನ ಕೆಳಗೆ, ಬ್ಯಾಟರಿ ಪೆಟ್ಟಿಗೆಯ ಹಿಂದೆ, ಗಟ್ಟಿಯಾದ ಗ್ರೀಸಿನ ಅಡಿಯಲ್ಲಿ, ಬಣ್ಣ ಬಳಿದ ಮೇಲೆ ಕೂರಿಸಿದ ನಂಬರ್ ಫಲಕದ ಹಿಂದೆ. ಭಾಗಗಳನ್ನು ಜೋಡಿಸಿದ ಮೇಲೆ ಬಣ್ಣ ಹೊಡೆದಿದ್ದರೆ ಗ್ಯಾಸ್ಕೆಟ್ಟಿನ ಒಳಗೆ ಪ್ರೈಮರ್ ಮಾತ್ರ ಸಿಕ್ಕೀತು, ಅದನ್ನೇ ಮೊದಲ ಬಣ್ಣವೆಂದುಕೊಳ್ಳಬಾರದು. ಜಾಗ ಗೊತ್ತಾದ ಮೇಲೆ ನಯವಾದ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಎರಡು ಬೆರಳಿನಷ್ಟು ಅಗಲದಲ್ಲಿ ಇಳಿಜಾರಾಗಿ ಉಜ್ಜಬೇಕು. ಪದರಗಳು ಒಂದರ ಸುತ್ತ ಒಂದು ಉಂಗುರದಂತೆ ತೆರೆದುಕೊಳ್ಳುತ್ತವೆ. ನಟ್ಟನಡುವೆ ಕಬ್ಬಿಣ, ಅದರ ಸುತ್ತ ಪ್ರೈಮರ್, ಆಮೇಲೆ ಕಾರ್ಖಾನೆಯ ಬಣ್ಣ. ಒಂದು ಕಡೆಯ ಫಲಿತಾಂಶ ಸಾಲದು, ಬಾನೆಟ್ಟು ಬೇರೆ ಯಂತ್ರದಿಂದ ಬಂದಿರಬಹುದು. ನಾಲ್ಕಾರು ಕಡೆ ಅದೇ ಕ್ರಮ ಕಂಡರೆ ಮಾತ್ರ ತೀರ್ಮಾನ. ಹಳೆಯ ಹಳದಿಯಲ್ಲಿ ಸೀಸದ ಕ್ರೋಮೇಟ್ ಇರುವ ಸಂಭವ ಹೆಚ್ಚು. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು, ಮುಖಕ್ಕೆ ಮಾಸ್ಕ್ ಬೇಕೇ ಬೇಕು.

ಹೊರಕೆರೆದೇವಪುರ, ಹೊಳಲ್ಕೆರೆ, ಹೊಸದುರ್ಗದ ಕಡೆ ದುಡಿದ ಯಂತ್ರವಾದರೆ ಇನ್ನೊಂದು ಎಚ್ಚರ ಬೇಕು. ಇಲ್ಲಿನ ಕೆಮ್ಮಣ್ಣಿಗೂ ಕಬ್ಬಿಣದ ಅದಿರಿನ ಧೂಳಿಗೂ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡು. ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಪ್ರೈಮರಿನ ಬಣ್ಣವೂ ಅದರದೇ. ವರ್ಷಗಟ್ಟಲೆ ಧೂಳು ಕುಡಿದ ಹಳದಿ ಕಿತ್ತಳೆಯಂತೆ ಕಾಣುತ್ತದೆ, ಆಗ ‘ಇದು ಕಿತ್ತಳೆ ಬಣ್ಣದ ಅಲಿಸ್-ಚಾಲ್ಮರ್ಸ್ ಇರಬೇಕು’ ಎಂಬ ಊಹೆಗೆ ದಾರಿಯಾಗುತ್ತದೆ. ಸೋಪಿನ ನೀರು, ಮೆತ್ತನೆ ಬ್ರಷ್ಷು, ಒಂದು ಭೂತಗನ್ನಡಿ ಇದ್ದರೆ ಈ ಗೊಂದಲ ಬಿಡಿಸಬಹುದು. ಧೂಳು ಮೇಲ್ಮೈಯಲ್ಲೂ ಬಿರುಕುಗಳಲ್ಲೂ ಕೂತಿರುತ್ತದೆ. ಪ್ರೈಮರ್ ಬಣ್ಣದ ಅಡಿಯಲ್ಲಿ ಕಬ್ಬಿಣಕ್ಕೆ ಅಂಟಿ ಒಂದೇ ಸಮನೆ ಹರಡಿರುತ್ತದೆ. ಆಯುಧಪೂಜೆಯ ಕುಂಕುಮ ಬಿದ್ದ ಬಾನೆಟ್ಟಿನ ಮುಂಭಾಗವನ್ನೂ ಮಾದರಿಗೆ ಆರಿಸದಿರುವುದು ಲೇಸು.

ಮುಚ್ಚಿದ ಜಾಗದಲ್ಲಿದ್ದರೂ ಬಣ್ಣ ಮುಪ್ಪಾಗುವುದಿಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಎಣ್ಣೆ ಮೂಲದ ಬಣ್ಣ ಕತ್ತಲಲ್ಲಿ ಕ್ರಮೇಣ ಹಳದಿಗೆ ತಿರುಗುತ್ತದೆ, ಬಿಸಿಲಿನಲ್ಲಿ ಪುಡಿಯಾಗಿ ಪೇಲವವಾಗುತ್ತದೆ. ಆದರೆ ಇದು ಸಾಕ್ಷಿಯನ್ನು ತಳ್ಳಿಹಾಕಲು ಕಾರಣವಲ್ಲ, ತೂಗಿ ನೋಡಲು ಕಾರಣ. ಕತ್ತಲಿನ ಹಳದಿತನ ಬೆಳಕಿಗೆ ಒಡ್ಡಿದರೆ ಬಹುಮಟ್ಟಿಗೆ ಇಳಿಯುತ್ತದೆ. ಆದ್ದರಿಂದ ಮಾದರಿಯ ಭಾಗವನ್ನು ಕೆಲವು ದಿನ ಬೆಳಕಿನಲ್ಲಿಟ್ಟು, ಮೇಲ್ಮೈಯನ್ನು ಪಾಲಿಶ್ ಮಾಡಿ ಆಮೇಲೆ ಹೋಲಿಸಬೇಕು. ಹೋಲಿಕೆಯನ್ನು ಹಗಲಿನಲ್ಲೂ ಟ್ಯೂಬ್‌ಲೈಟಿನಲ್ಲೂ ನೋಡಬೇಕು, ಒಂದರಲ್ಲಿ ಒಂದೇ ಎನಿಸಿದ ಎರಡು ಬಣ್ಣ ಇನ್ನೊಂದರಲ್ಲಿ ಬೇರೆಯಾಗುವುದುಂಟು. ಅಂಗಡಿಯ ಕಂಪ್ಯೂಟರ್ ಅಳತೆ ಒಳ್ಳೆಯ ನೆರವು, ಆದರೆ ಕೊಳೆಯಾದ ಮಾದರಿ ಕೊಟ್ಟರೆ ಅದು ಕೊಳೆಯನ್ನೇ ಅಳೆದು ಕೊಡುತ್ತದೆ.

ನಡುವಿನ ಬಣ್ಣಗಳೂ ಯಂತ್ರದ ಬಾಳಿನ ಭಾಗವಲ್ಲವೇ, ಮೊದಲನೆಯದಕ್ಕೇ ಯಾಕಿಷ್ಟು ಮನ್ನಣೆ ಎಂದೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಹೊಸ ಬಣ್ಣ ಹೊಡೆಯದೆ ಇದ್ದಂತೆಯೇ ಕಾಪಾಡುವುದೂ ಗೌರವದ ದಾರಿ. ಯಾವ ದಾರಿ ಹಿಡಿದರೂ ಓದುವ ಕೆಲಸ ಮೊದಲು ಆಗಬೇಕು, ಯಾಕೆಂದರೆ ಬ್ಲಾಸ್ಟಿಂಗ್ ಮೊದಲ ಬಣ್ಣವನ್ನೂ ನಡುವಿನದನ್ನೂ ಒಟ್ಟಿಗೆ ಅಳಿಸುತ್ತದೆ. ಹಳೆಯ ಡೋಜರ್ ಇಟ್ಟುಕೊಂಡವರಲ್ಲಿ ನನ್ನ ವಿನಂತಿ ಇಷ್ಟು: ಉಜ್ಜಿ ತೆರೆದ ಪ್ರತಿ ಜಾಗದ ಫೋಟೊ ತೆಗೆದು ಎಲ್ಲಿಯದೆಂದು ಬರೆದಿಡಿ. ಕೊನೆಗೆ ಹೊಸ ಬಣ್ಣ ಹೊಡೆಸಿದರೂ ಸೀಟಿನ ಕೆಳಗೆ ಅಂಗೈಯಗಲ ಹಳೆಯ ಪದರಗಳನ್ನು ಮುಟ್ಟದೆ ಬಿಡಿ. ನಿಮ್ಮ ತೀರ್ಮಾನ ಸರಿಯೋ ತಪ್ಪೋ ಎಂದು ಮುಂದೆ ಬರುವವರು ಅದನ್ನು ನೋಡಿಯೇ ಹೇಳಬೇಕು.