ಕಿರಾ ನರೀಸ್ ಮತ್ತು ‘ಬಿಟ್ಟು ನೋಡಬಹುದಾದ’ ಸೀಸನ್

‘ಸ್ಟಾರ್ ಟ್ರೆಕ್’ ಪರಂಪರೆಯ ಅಭಿಮಾನಿಗಳ ನಡುವೆ ಬಹುಕಾಲದಿಂದ ಒಂದು ತೀರ್ಪು ಯಾರ ಪ್ರಶ್ನೆಗೂ ಒಳಗಾಗದೆ ಚಲಾವಣೆಯಲ್ಲಿದೆ. ‘ಡೀಪ್ ಸ್ಪೇಸ್ ನೈನ್’ (1993–1999) ಶ್ರೇಷ್ಠ ಸರಣಿಯೇ ಹೌದು, ಆದರೆ ಅದು ನಿಜವಾಗಿ ಆರಂಭವಾಗುವುದು ಡೊಮಿನಿಯನ್ ಎಂಬ ಸಾಮ್ರಾಜ್ಯದೊಡನೆ ಯುದ್ಧ ಹತ್ತಿಕೊಂಡ ಮೇಲೆ; ಮೊದಲ ಎರಡು ಸೀಸನ್‌ಗಳನ್ನು ಬಿಟ್ಟು ನೋಡಿದರೂ ನಷ್ಟವೇನಿಲ್ಲ ಎಂಬುದೇ ಆ ತೀರ್ಪು. ಹೊಗಳಿಕೆಯ ವೇಷದಲ್ಲಿ ಬಂದಿರುವುದರಿಂದಲೇ ಈ ಮಾತು ನಿಂದೆಗಿಂತ ಹೆಚ್ಚು ಹಾನಿ ಮಾಡಿದೆ. ಸರಣಿಯ ಅತ್ಯುತ್ತಮ ಕಂತು ಮೊದಲ ಸೀಸನ್ನಿನಲ್ಲೇ ಇದೆ, ಇಡೀ ಪರಂಪರೆಯ ಅತ್ಯಂತ ಗಟ್ಟಿಯಾದ ಪಾತ್ರವಾದ ಮೇಜರ್ ಕಿರಾ ನರೀಸ್ ರೂಪುಗೊಂಡಿರುವುದೂ ಅಲ್ಲೇ. ಅದನ್ನು ಬಿಟ್ಟವರಿಗೆ ಮುಂದಿನ ಯುದ್ಧಕಥೆಯ ಅರ್ಧ ಅರ್ಥವೂ ದಕ್ಕುವುದಿಲ್ಲ.

ಈ ಪರಂಪರೆಯಲ್ಲಿ ಅಭಿಮಾನಿಗಳ ಅಭಿಪ್ರಾಯವನ್ನು ಬರಿಯ ಹರಟೆಯೆಂದು ತಳ್ಳಿಹಾಕುವಂತಿಲ್ಲ. 1966ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ತೊಡಗಿದ ಮೂಲ ಸರಣಿ ಎರಡನೆಯ ಸೀಸನ್ನಿಗೇ ನಿಲ್ಲುವ ಸೂಚನೆ ಕಂಡಾಗ ವಾಹಿನಿಗೆ ಕಾಗದಗಳ ಸುರಿಮಳೆಯಾಗುವಂತೆ ಮಾಡಿದವರು ಅಭಿಮಾನಿಗಳೇ. ಮೂರನೆಯ ಸೀಸನ್ ಆ ಚಳವಳಿಯ ಬೆನ್ನಲ್ಲೇ ಬಂತು. ಹಾಗೆ ಉಳಿಸಿಕೊಂಡವರು ತಮ್ಮ ಮೆಚ್ಚಿನವರ ಪಟ್ಟಿಯನ್ನೂ ತಾವೇ ಕಟ್ಟಿದರು: ಮೊದಲು ಮೂಲ ಸರಣಿಯ ಕ್ಯಾಪ್ಟನ್ ಕರ್ಕ್ ಮತ್ತು ಅವನ ಜೊತೆಗಾರ ಸ್ಪಾಕ್, 1987ರ ‘ನೆಕ್ಸ್ಟ್ ಜನರೇಶನ್’ ಸರಣಿ ಬಂದ ಮೇಲೆ ಅದರ ಕ್ಯಾಪ್ಟನ್ ಪಿಕಾರ್ಡ್. ಪಿಕಾರ್ಡ್‌ನ ಹಿರಿಮೆ ಅವನ ಮಾತಿನಲ್ಲಿದೆ, ಆ ಮಾತಿಗೆ ಬೆಲೆ ತಂದದ್ದು ಪ್ಯಾಟ್ರಿಕ್ ಸ್ಟೀವರ್ಟ್ ಅವರ ಕಂಠ. ಆದರೆ ಪಿಕಾರ್ಡ್ ನ್ಯಾಯದ ಮಾತಾಡಿ ಮುಗಿಸುವಷ್ಟರಲ್ಲಿ ಅವನ ಹಡಗು ಬೇರೊಂದು ಗ್ರಹದತ್ತ ಹೊರಟಿರುತ್ತದೆ; ಆ ನ್ಯಾಯದೊಂದಿಗೆ ಬಾಳಬೇಕಾದವರು ಹಿಂದೆ ಉಳಿದ ಗ್ರಹದವರು, ಅವರ ಮುಖ ಮುಂದಿನ ವಾರ ಕಾಣಿಸುವುದಿಲ್ಲ. ಇದರ ಜೊತೆಗೆ, ಸರಣಿಯ ಮೂಲಪುರುಷ ಜೀನ್ ರಾಡನ್‌ಬೆರಿ ಅವರು ಭವಿಷ್ಯದ ಮಾನವರ ನಡುವೆ ವೈಯಕ್ತಿಕ ಜಗಳವಿರಕೂಡದೆಂದು ಬರಹಗಾರರಿಗೆ ಕಟ್ಟುಪಾಡು ಹಾಕಿದ್ದರು. ಹೀಗಾಗಿ, ಪಿಕಾರ್ಡ್‌ನ ‘ಇನ್ನರ್ ಲೈಟ್’ನಂಥ ಕಂತಿಗೆ ಹ್ಯೂಗೋ ಪ್ರಶಸ್ತಿ ಬಂದಿರಬಹುದು, ಅದರ ಕೊಳಲಿನ ದುಃಖ ಕಣ್ಣನ್ನು ತೇವಗೊಳಿಸಲೂಬಹುದು, ಆದರೂ ಅದು ಒಬ್ಬ ಸಜ್ಜನನ ಖಾಸಗಿ ದುಃಖ.

‘ಡೀಪ್ ಸ್ಪೇಸ್ ನೈನ್’ ಹಡಗಿನ ಕಥೆಯಲ್ಲ, ನಿಂತಲ್ಲೇ ನಿಂತ ಒಂದು ಬಾಹ್ಯಾಕಾಶ ನಿಲ್ದಾಣದ ಕಥೆ. ಆ ನಿಲ್ದಾಣವನ್ನು ಕಟ್ಟಿದವರು ಕಾರ್ಡೇಸಿಯನ್ನರು, ಅಂದರೆ ಪಕ್ಕದ ಬಜೋರ್ ಗ್ರಹವನ್ನು ಅರ್ಧ ಶತಮಾನ ಆಕ್ರಮಿಸಿಕೊಂಡು ಅದರ ಜನರನ್ನು ಗಣಿಗಳಲ್ಲಿ ದುಡಿಸಿ ಕೊಂದ ಸೈನಿಕ ಜನಾಂಗ. ಅವರು ತೊಲಗಿದ ಮೇಲೆ ಬಜೋರ್‌ನ ತಾತ್ಕಾಲಿಕ ಸರ್ಕಾರ ನಿಲ್ದಾಣದ ಆಡಳಿತವನ್ನು ಗ್ರಹಗಳ ಒಕ್ಕೂಟಕ್ಕೆ ಒಪ್ಪಿಸುತ್ತದೆ, ಒಕ್ಕೂಟದ ನೌಕಾಪಡೆಯಾದ ಸ್ಟಾರ್‌ಫ್ಲೀಟ್ ಅಲ್ಲಿಗೆ ಬರುತ್ತದೆ. ಬಜೋರ್‌ನ ಪರವಾಗಿ ಅಲ್ಲಿ ನಿಲ್ಲುವವಳು ಹರೆಯಕ್ಕೆ ಬರುವ ಮೊದಲೇ ಬಂದೂಕು ಹಿಡಿದ ಕಿರಾ. ನಿರ್ಮಾಪಕರು ಮೊದಲು ಬಯಸಿದ್ದು ಹಿಂದಿನ ಸರಣಿಯ ರೋ ಲಾರೆನ್ ಪಾತ್ರವನ್ನು. ನಟಿ ಮಿಶೆಲ್ ಫೋರ್ಬ್ಸ್ ಒಪ್ಪದಿದ್ದುದರಿಂದ ಕಿರಾ ಹುಟ್ಟಿದಳು, ನಾನಾ ವಿಸಿಟರ್ ಆ ಪಾತ್ರಕ್ಕೆ ಬಂದರು. ಆ ನಿರಾಕರಣೆ ಈ ಪರಂಪರೆಗೆ ಒದಗಿದ ದೊಡ್ಡ ಭಾಗ್ಯ. ರೋ ಬಜೋರಿನವಳೇ ಆದರೂ ಸ್ಟಾರ್‌ಫ್ಲೀಟ್‌ನ ಅಧಿಕಾರಿ. ಅವಳ ಸಿಟ್ಟು ಎಷ್ಟೇ ಉರಿದರೂ ಅದು ಸಂಸ್ಥೆಯ ಒಳಗಿನ ಸಿಟ್ಟು. ಕಿರಾ ಒಕ್ಕೂಟಕ್ಕೆ ಸೇರಿದವಳಲ್ಲ, ಅದನ್ನು ನಂಬುವವಳೂ ಅಲ್ಲ. ಒಕ್ಕೂಟದ ಸದಾಶಯವನ್ನು ಅದರ ಫಲ ಉಣ್ಣಬೇಕಾದವರ ಕಡೆಯಿಂದ ನೋಡುವ ಕಣ್ಣು ಪ್ರಧಾನ ಪಾತ್ರವೊಂದಕ್ಕೆ ದೊರೆತದ್ದು ಇಲ್ಲೇ ಮೊದಲು.

ಮೊದಲ ಸೀಸನ್ನಿನ ‘ಪ್ರೋಗ್ರೆಸ್’ ಎಂಬ ಕಂತನ್ನು ಅಭಿಮಾನಿಗಳ ಪಟ್ಟಿಗಳು ಸಾಮಾನ್ಯವಾಗಿ ಮರೆತಿರುತ್ತವೆ. ಬಜೋರ್‌ನ ಒಂದು ಉಪಗ್ರಹದ ಒಡಲಿನಿಂದ ಶಾಖಶಕ್ತಿ ತೆಗೆಯುವ ಯೋಜನೆಗಾಗಿ ಅಲ್ಲಿ ನೆಲೆಸಿದವರೆಲ್ಲ ಎದ್ದುಹೋಗಬೇಕು. ಮುಲಿಬಾಕ್ ಎಂಬ ಮುದುಕ ಒಪ್ಪುವುದಿಲ್ಲ. ಅವನು ಕಾರ್ಡೇಸಿಯನ್ನರ ಸೆರೆಯಿಂದ ತಪ್ಪಿಸಿಕೊಂಡು ಬಂದವನು, ಬರಿಗೈಯಲ್ಲಿ ಆ ನೆಲ ಹಸನು ಮಾಡಿಕೊಂಡವನು. ಎಬ್ಬಿಸಲು ಬಂದ ಕಿರಾ ಅವನ ಜೊತೆ ಉಳಿಯುತ್ತಾಳೆ, ಅರ್ಧಕ್ಕೆ ನಿಂತಿದ್ದ ಆವಿಗೆಯನ್ನು ಕಟ್ಟಿ ಮುಗಿಸಲು ನೆರವಾಗುತ್ತಾಳೆ. ಕೊನೆಗೆ ಅದೇ ಆವಿಗೆಯನ್ನು ತಾನೇ ಒಡೆದು ಅವನ ಮನೆಗೆ ಬೆಂಕಿಯಿಡುತ್ತಾಳೆ. ಹಿಂದಿನ ದಿನದವರೆಗೆ ಪ್ರತಿರೋಧವೇ ಬದುಕಾಗಿದ್ದವಳು ಈಗ ತನ್ನದೇ ಸರ್ಕಾರದ ಪರವಾಗಿ ಒಬ್ಬ ಹಠಮಾರಿ ಮುದುಕನನ್ನು ಒಕ್ಕಲೆಬ್ಬಿಸಬೇಕಾಗಿ ಬಂದಿದೆ. ಬರಹಗಾರರು ಅವಳಿಗೆ ಸಮಾಧಾನದ ಒಂದು ಮಾತನ್ನೂ ಕೊಡುವುದಿಲ್ಲ, ಮುದುಕ ಹರಸುವುದೂ ಇಲ್ಲ. ಸ್ವಾತಂತ್ರ್ಯಾನಂತರದ ರಾಜಕಾರಣದ ಕಷ್ಟವನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಹೇಳಿದ ಕಂತು ಈ ಪರಂಪರೆಯಲ್ಲಿ ಇನ್ನೊಂದಿಲ್ಲ.

ಕೆಲವೇ ವಾರಗಳ ಬಳಿಕ, 1993ರ ಜೂನ್‌ನಲ್ಲಿ, ‘ಡ್ಯುಯೆಟ್’ ಪ್ರಸಾರವಾಯಿತು. ಅದರ ಬಹುಭಾಗ ಇಬ್ಬರು ಮನುಷ್ಯರು ಮತ್ತು ಒಂದು ಸೆರೆಕೋಣೆ, ಅಷ್ಟೇ. ಗಾಲಿಟೆಪ್ ಎಂಬ ಶ್ರಮಶಿಬಿರದಲ್ಲಿ ಗಣಿ ಅಪಘಾತದ ವೇಳೆ ಇದ್ದವರಿಗೆ ಮಾತ್ರ ತಗಲುವ ರೋಗವಿರುವ ಒಬ್ಬ ಕಾರ್ಡೇಸಿಯನ್ ನಿಲ್ದಾಣಕ್ಕೆ ಬರುತ್ತಾನೆ. ಆ ಶಿಬಿರವನ್ನು ಬಿಡಿಸಿದವರಲ್ಲಿ ಒಬ್ಬಳಾದ ಕಿರಾ ಅವನನ್ನು ಬಂಧಿಸುತ್ತಾಳೆ. ಮೊದಲು ಅವನು ತಾನು ಮರಿಟ್ಜಾ, ಕಡತ ಜೋಡಿಸುತ್ತಿದ್ದ ಬಡ ಗುಮಾಸ್ತ ಎನ್ನುತ್ತಾನೆ. ಹಳೆಯ ಚಿತ್ರವೊಂದು ಅವನನ್ನು ಶಿಬಿರದ ಅಧಿಪತಿ ಡಾರ್‌ಹೀಲ್ ಎಂದು ತೋರಿಸಿದಾಗ ಅವನ ದನಿ ಬದಲಾಗುತ್ತದೆ, ತಾನು ಮಾಡಿಸಿದ ಕೊಲೆಗಳನ್ನು ಹೆಮ್ಮೆಯಿಂದ ಕೊಚ್ಚಿಕೊಳ್ಳುತ್ತಾನೆ. ಕಿರಾಳಿಗೆ ಬೇಕಿದ್ದುದು ಅದೇ. ಆದರೆ ಲೆಕ್ಕ ತಾಳೆಯಾಗುವುದಿಲ್ಲ: ನಿಜವಾದ ಡಾರ್‌ಹೀಲ್ ಅಪಘಾತದ ದಿನ ಶಿಬಿರದಲ್ಲಿ ಇರಲೇ ಇಲ್ಲ, ಅವನು ಸತ್ತು ವರ್ಷಗಳಾಗಿವೆ. ಸೆರೆಯಲ್ಲಿರುವವನು ನಿಜಕ್ಕೂ ಗುಮಾಸ್ತನೇ. ರಾತ್ರಿ ಕೇಳಿಬರುತ್ತಿದ್ದ ಚೀತ್ಕಾರ ತಾಳಲಾರದೆ ಕಿವಿ ಮುಚ್ಚಿಕೊಂಡು ಮಲಗುತ್ತಿದ್ದವನು, ತನ್ನ ಜನಾಂಗ ತನ್ನ ಪಾಪವನ್ನು ವಿಚಾರಣೆಯ ಕಟಕಟೆಯಲ್ಲಿ ಕಾಣಲೆಂದು ಕೊಲೆಗಾರನ ಮುಖವನ್ನು ಶಸ್ತ್ರಚಿಕಿತ್ಸೆಯಿಂದ ಧರಿಸಿ ಬಂದವನು. ರಾಬರ್ಟ್ ಶಾ ಅವರ ‘ದ ಮ್ಯಾನ್ ಇನ್ ದ ಗ್ಲಾಸ್ ಬೂತ್’ ನಾಟಕದ ನೆರಳು ಇದರ ಮೇಲಿರುವುದನ್ನು ಗುರುತಿಸಿದವರಿದ್ದಾರೆ, ಅದರಿಂದ ಕಂತಿನ ಬೆಲೆ ಕುಗ್ಗುವುದಿಲ್ಲ. ಏಕೆಂದರೆ ಇಲ್ಲಿ ಭಾರವೆಲ್ಲ ಕೇಳುತ್ತಿರುವವಳ ಮೇಲಿದೆ. ಗುಮಾಸ್ತನಾಗಿ ಹ್ಯಾರಿಸ್ ಯೂಲಿನ್ ಅಬ್ಬರಿಸಿ ಕುಸಿಯುವಾಗ ನಾನಾ ವಿಸಿಟರ್ ಬಹುತೇಕ ಮೌನವಾಗಿರುತ್ತಾರೆ, ದ್ವೇಷ ಕರಗುವ ಕಷ್ಟ ಅವರ ದವಡೆಯ ಬಿಗಿತದಲ್ಲೇ ಕಾಣುತ್ತದೆ. ಕಿರಾ ಅವನನ್ನು ಬಿಡುಗಡೆ ಮಾಡುತ್ತಾಳೆ. ಹೊರಬಂದ ಕ್ಷಣದಲ್ಲೇ ಬಜೋರಿನವನೊಬ್ಬ, ಕಾರ್ಡೇಸಿಯನ್ ಎಂಬ ಒಂದೇ ಕಾರಣಕ್ಕೆ, ಅವನನ್ನು ಇರಿದು ಕೊಲ್ಲುತ್ತಾನೆ. ಆ ಕಾರಣ ಸಾಲದೆಂದು ಹೇಳಬೇಕಾದವಳು ಕಂತಿನ ಆರಂಭದಲ್ಲಿ ಅದೇ ಕಾರಣವನ್ನು ನಂಬಿದ್ದ ಕಿರಾ.

ಇದಕ್ಕೆ ಎದುರಾಗಿ ಅಭಿಮಾನಿಗಳು ಎತ್ತಿಹಿಡಿಯುವುದು ಆರನೆಯ ಸೀಸನ್ನಿನ ‘ಇನ್ ದ ಪೇಲ್ ಮೂನ್‌ಲೈಟ್’ (1998) ಕಂತನ್ನು. ಯುದ್ಧ ಗೆಲ್ಲಲು ನಿಲ್ದಾಣದ ಕ್ಯಾಪ್ಟನ್ ಬೆಂಜಮಿನ್ ಸಿಸ್ಕೊ ಹಳೆಯ ಗೂಢಚಾರ ಗಾರಕ್‌ನ ಜೊತೆಗೂಡಿ ಸುಳ್ಳು ಸಾಕ್ಷ್ಯ ಸೃಷ್ಟಿಸುತ್ತಾನೆ, ಗಾರಕ್ ಕೊಲೆಯನ್ನೂ ಮಾಡುತ್ತಾನೆ, ರೊಮುಲನ್ನರೆಂಬ ಇನ್ನೊಂದು ಜನಾಂಗ ಒಕ್ಕೂಟದ ಪರವಾಗಿ ಯುದ್ಧಕ್ಕಿಳಿಯುತ್ತದೆ. ಏವರಿ ಬ್ರೂಕ್ಸ್ ಅವರ ಅಭಿನಯಕ್ಕೆ ಕುಂದು ಹೇಳುವಂತಿಲ್ಲ. ಆದರೆ ಕಂತಿನ ಕೊನೆಗೆ ಸಿಸ್ಕೊ ತನ್ನ ತಪ್ಪೊಪ್ಪಿಗೆಯ ದಾಖಲೆಯನ್ನು ಅಳಿಸಿಹಾಕುತ್ತಾನೆ, ಅಲ್ಲಿಗೆ ಸರಣಿಯೂ ಅದನ್ನು ಅಳಿಸಿಬಿಡುತ್ತದೆ. ಆ ಪಾಪಕ್ಕೆ ಮುಂದೆ ಯಾರೂ ಬೆಲೆ ತೆರುವುದಿಲ್ಲ. ಪಾಪ ಮಾಡಿದವನ ಸಂಕಟವನ್ನು ಕಂಡು ಪ್ರೌಢತೆಯೆಂದು ಬೆರಗಾಗುವ ಅಭಿರುಚಿ, ಪಾಪಕ್ಕೆ ಗುರಿಯಾದವರು ಮರುದಿನ ಹೇಗೆ ಬದುಕುತ್ತಾರೆಂಬ ಪ್ರಶ್ನೆಯನ್ನು ನೀರಸವೆಂದು ಬದಿಗೆ ಸರಿಸುತ್ತದೆ. ಈ ದೋಷ ಒಂದು ಸರಣಿಯ ಅಭಿಮಾನಿಗಳದ್ದಷ್ಟೇ ಅಲ್ಲ. ಕಳೆದ ಕಾಲು ಶತಮಾನದ ದೂರದರ್ಶನ ವಿಮರ್ಶೆ ಕತ್ತಲನ್ನೇ ಗಾಂಭೀರ್ಯವೆಂದು, ಬಿಡದೆ ಮುಂದುವರಿಯುವ ಕಥೆಯನ್ನೇ ಆಳವೆಂದು ನಂಬಿಕೊಂಡು ಬಂದಿದೆ; ನಿರ್ಣಯ ಕೈಗೊಳ್ಳುವ ಗಂಡಸಿನ ಏಕಾಂತ ಅದಕ್ಕೆ ದುರಂತವಾಗಿ ಕಾಣುತ್ತದೆ, ನಿರ್ಣಯದ ಫಲ ಹೊತ್ತ ಹೆಂಗಸಿನ ದಿನಚರಿ ಕಾಣುವುದೇ ಇಲ್ಲ.

ಯುದ್ಧದ ಕಂತುಗಳಲ್ಲಿ ನಿಜವಾಗಿ ನಿಲ್ಲುವವೂ ಕಿರಾಳವೇ. ‘ರಾಕ್ಸ್ ಅಂಡ್ ಶೋಲ್ಸ್’ನಲ್ಲಿ (1997) ಶತ್ರುಗಳ ಕೈಗೆ ಸಿಕ್ಕ ನಿಲ್ದಾಣದಲ್ಲಿ ಅವಳು ಕೆಲಸಕ್ಕೆ ಹೋಗಿಬರುತ್ತಾಳೆ: ಏಳುವುದು, ಕನ್ನಡಿ ನೋಡುವುದು, ಕರ್ತವ್ಯದ ಜಾಗಕ್ಕೆ ನಡೆಯುವುದು. ಯಾಸಿಮ್ ಎಂಬ ಸನ್ಯಾಸಿನಿ ನಿಲ್ದಾಣದ ನಡುಬೀದಿಯಲ್ಲಿ ನೇಣು ಹಾಕಿಕೊಂಡು ಪ್ರತಿಭಟಿಸಿದ ಮೇಲೆ ಅದೇ ಬೆಳಗಿನ ದಿನಚರಿ ಮತ್ತೊಮ್ಮೆ ತೋರುತ್ತದೆ, ಈಗ ಕಿರಾಳಿಗೆ ತಾನು ಆಕ್ರಮಣಕಾರರ ಸಹಾಯಕಳಾಗಿರುವುದು ಕಾಣುತ್ತದೆ. 1999ರ ಕೊನೆಯ ಕಂತುಗಳಲ್ಲಿ ಅವಳು ಸ್ಟಾರ್‌ಫ್ಲೀಟ್‌ನ ಸಮವಸ್ತ್ರ ತೊಟ್ಟು ಕಾರ್ಡೇಸಿಯನ್ ಬಂಡಾಯಗಾರ ಡಮಾರ್‌ನಿಗೆ ಗೆರಿಲ್ಲಾ ಹೋರಾಟ ಕಲಿಸುತ್ತಾಳೆ. ತನ್ನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದವರು ಎಂಥ ಜನ ಎಂದು ಅವನು ಹಲುಬಿದಾಗ ಅವಳು ಅದೇ ಪ್ರಶ್ನೆಯನ್ನು ಅವನಿಗೇ ತಿರುಗಿಸುತ್ತಾಳೆ. ‘ಪ್ರೋಗ್ರೆಸ್’ ಮತ್ತು ‘ಡ್ಯುಯೆಟ್’ ನೋಡದವರಿಗೆ ಆ ಪ್ರಶ್ನೆ ಚುರುಕಾದ ಸಂಭಾಷಣೆಯಷ್ಟೇ. ನೋಡಿದವರಿಗೆ ಅದು ಆರು ವರ್ಷಗಳ ಬಡ್ಡಿ ಸಮೇತ ಬಂದ ಲೆಕ್ಕ.

ಈ ಸರಣಿಯನ್ನು ಹೊಸದಾಗಿ ನೋಡಹೊರಟವರು ಮೊದಲ ಸೀಸನ್ನನ್ನು ಬಿಡಬಾರದು. ಎಲ್ಲವನ್ನೂ ನೋಡುವ ತಾಳ್ಮೆ ಇಲ್ಲದವರು ಆ ಸೀಸನ್ನಿನ ಕೊನೆಯ ಕಂತಿಗೆ ಮುಂಚಿನ ‘ಡ್ಯುಯೆಟ್’ ಒಂದನ್ನಾದರೂ ನೋಡಲಿ, ಆಮೇಲೆ ತಮ್ಮ ಮೆಚ್ಚಿನ ಕ್ಯಾಪ್ಟನ್ ಯಾರೆಂದು ಹೇಳಲಿ.