ಎಣ್ಣೆಯಲ್ಲಿ ಬಿದ್ದದ್ದು ಯಾವ ನೊಣ?

ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಕೂತಾಗ ಒಂದು ಬೋಧನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಪ್ರಸಂಗಿ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಸತ್ತ ನೊಣದಿಂದ ಗಂಧದೆಣ್ಣೆ ಕೆಟ್ಟು ನಾರುತ್ತದಲ್ಲ, ಅದು. ಜೊತೆಗೆ ಪರಮಗೀತದ ನರಿಮರಿಗಳು ದ್ರಾಕ್ಷಿತೋಟಕ್ಕೆ ನುಗ್ಗುತ್ತವೆ. ಹಾಲಿಗೆ ಹುಳಿ ಬಿದ್ದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಯದುರ್ಗದ ಜೀನ್ಸ್ ಹೊಲಿಯುವವರಿಗಂತೂ ಬೇಡವೇ ಬೇಡ. ಜೇಬಿನ ಹತ್ತಿರ ನಾಲ್ಕು ಹೊಲಿಗೆ ತಪ್ಪಿದರೆ ಪ್ಯಾಂಟೇ ವಾಪಸು.

ಮಾತು ಸರಿ. ತೋರಿಸುವ ನೊಣದ ಬಗ್ಗೆಯೇ ನನ್ನ ತಕರಾರು. ಎಲೆ ಅಡಿಕೆ, ಸಿನಿಮಾ, ಹೆಂಗಸರ ಹೂವು, ಬಳೆ, ಕುಂಕುಮ: ಕಣ್ಣಿಗೆ ಕಾಣುವ, ಅದರಲ್ಲೂ ಹೆಂಗಸರ ಮೈಮೇಲೆ ಕಾಣುವ ‘ಚಿಕ್ಕ ತಪ್ಪು’ಗಳಲ್ಲೇ ಪಟ್ಟಿ ಮುಗಿದುಹೋಗುತ್ತದೆ. ಸೊಳ್ಳೆ ಸೋಸಿ ಒಂಟೆ ನುಂಗುವವರನ್ನು ಯೇಸು ಗೇಲಿ ಮಾಡಿದ್ದು (ಮತ್ತಾಯ 23) ಅದೇ ಬೈಬಲ್ಲಿನಲ್ಲಿದೆ.

ಆ ಬೈಬಲ್ಲನ್ನು ಕನ್ನಡಿಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದಿಳಿದದ್ದು ಪಕ್ಕದ ಬಳ್ಳಾರಿಗೆ. ರಾಯದುರ್ಗವೂ 1953ರವರೆಗೆ ಬಳ್ಳಾರಿ ಜಿಲ್ಲೆಯದೇ. ಬೈಬಲ್ಲು ಕನ್ನಡಕ್ಕೆ ಬಂದು, ಊರಿನವರಿಗೆ ತಿಳಿಯುವ ಮಾತಿನಲ್ಲೇ ಬೋಧನೆ ನಡೆಯುವುದರಿಂದ, ಮೈಕಿನಲ್ಲಿ ಬಂದದ್ದನ್ನು ಎದುರುಗಡೆ ಅಂಗಡಿಯವನೂ ಕೇಳಿಸಿಕೊಳ್ಳುತ್ತಾನೆ.

ಮಡಕಶಿರಾದಲ್ಲಿ ಅಂಥ ಒಬ್ಬ ಕಿರಾಣಿ ಅಂಗಡಿಯಾತ ನನಗೆ ಉದ್ರಿ ಪುಸ್ತಕ ತೆಗೆದು ತೋರಿಸಿದ. ಮೂಲೆ ಮಡಿಚಿಹೋದ ಉದ್ದನೆಯ ನೋಟ್‌ಬುಕ್ಕು. ಸಭೆಯವರೊಬ್ಬರ ಬಾಕಿ: ಅಕ್ಕಿ, ಎಣ್ಣೆ, ಸೋಪು, ಒಟ್ಟು 140 ರೂಪಾಯಿ. ಪಕ್ಕದಲ್ಲಿ ಪೆನ್ಸಿಲ್ ಗುರುತು.

“ಎಂಥಾ ಒಳ್ಳೇ ಮನುಷ್ಯರು ಅಣ್ಣ. ಕುಡಿಯಲ್ಲ, ಯಾರನ್ನೂ ಬೈಯಲ್ಲ. ನಮ್ಮಮ್ಮ ಆಸ್ಪತ್ರೇಲಿದ್ದಾಗ ಬಂದು ಪ್ರಾರ್ಥನೆ ಮಾಡಿದ್ರು. ಬಾಕಿ ಕೇಳಿದ್ರೆ ಮಾತ್ರ ‘ದೇವರು ಒದಗಿಸ್ತಾನೆ’ ಅಂತಾರೆ.” ಹೇಳಿ ನಕ್ಕ.

ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು. ಆಸ್ಪತ್ರೆಯ ಪ್ರಾರ್ಥನೆ ನೆನಪಿದ್ದೂ ಅವನಿಗೆ ಅದು ತಮಾಷೆಯ ಜೊತೆಗೇ ನೆನಪಾಗುತ್ತಿತ್ತು. ಗಂಧದೆಣ್ಣೆ ಕೆಡುವುದು ಅಂದರೆ ಇದು.

ಇನ್ನೊಂದು ನೊಣವನ್ನಂತೂ ಬೋಧಕರು ಮುಟ್ಟುವುದೇ ಇಲ್ಲ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ನೋಡಿ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದ ಮೇಲೆ ಮೆಲ್ಲಗೆ ಹಿಂದೆ ಸರಿದ. ಕೊಲೆಯಲ್ಲ, ಕಳವಲ್ಲ, ಪಂಕ್ತಿ ಬಿಟ್ಟದ್ದು ಅಷ್ಟೆ. ಬಾರ್ನಬನಂಥವನೂ ಅವನ ಹಿಂದೆ ಹೋದ. ಪೌಲ ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ನಮ್ಮ ಸೀಮೆಯಲ್ಲಿ ಪಂಕ್ತಿ ಅಂದರೆ ಏನೆಂದು ಎಲ್ಲರಿಗೂ ಗೊತ್ತು. ಆದರೂ ಈ ಅಧ್ಯಾಯದ ಮೇಲೆ ಇಲ್ಲಿ ನಾನು ಒಂದು ಬೋಧನೆಯನ್ನೂ ಕೇಳಿಲ್ಲ. ಬಳೆಯ ಮೇಲೆ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಸತ್ತ ನೊಣದ ವಚನ ಮತ್ತೆ ಎತ್ತಿಕೊಳ್ಳುವ ಅಯ್ಯನವರಲ್ಲಿ ಒಂದು ಬಿನ್ನಹ: ಮೈಕ್ ಹಿಡಿಯುವ ಮೊದಲು ಎದುರುಗಡೆ ಅಂಗಡಿಗೆ ಹೋಗಿ ಉದ್ರಿ ಪುಸ್ತಕವನ್ನೊಮ್ಮೆ ನೋಡಿಬನ್ನಿ.